ಕೂಸಿನ ಫೋಟೋ: ಜಾತಕದಿಂದ ಜಾಲದವರೆಗೆ



ನಿಮ್ಮ ಮನೆಯಲ್ಲಿ ಅಕ್ಕನಿಗೋ ಅತ್ತಿಗೆಗೋ ಹೆರಿಗೆಯಾಯಿತೆನ್ನಿ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದ ಕೂಡಲೇ ಮೊದಲು ಮುಂದೆ ಬರುವುದು ಯಾವುದು? ಹಿಂದೆಲ್ಲ ಅಜ್ಜಿಯ ಕೈ ಮುಂದೆ ಬರುತ್ತಿತ್ತು. ಈಗ ಮೊಬೈಲ್ ಫೋನು ಬರುತ್ತದೆ. ಆ ಫೋನು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇರುತ್ತದೆ; ಮನೆಯಲ್ಲಿ ಅದನ್ನು ಚೆನ್ನಾಗಿ ಬಳಸಬಲ್ಲವರು ನೀವೇ. ಫೋಟೋ ತೆಗೆಯುವವರು ನೀವು, ಬಂಧುಗಳ ಗುಂಪಿಗೆ ಕಳಿಸುವವರು ನೀವು, ಸ್ಟೇಟಸ್ಸಿಗೆ ಏರಿಸುವವರೂ ನೀವು. ಆದ್ದರಿಂದ ಈ ಚರಿತ್ರೆಯನ್ನು ಕೂಸಿನ ತಾಯಿತಂದೆಯರಿಗಿಂತ ಮೊದಲು ನಿಮಗೆ ಹೇಳಬೇಕೆನಿಸಿತು.

ಕೂಸಿನ ಫೋಟೋಕ್ಕೆ ಎಂಥ ಚರಿತ್ರೆ ಎಂದು ನೀವು ಕೇಳಬಹುದು. ಕ್ಯಾಮೆರಾ ಹೇಗೆ ಬೆಳೆಯಿತೆಂಬುದನ್ನು ನಿಮ್ಮ ವಿಜ್ಞಾನದ ಪುಸ್ತಕ ಹೇಳುತ್ತದೆ. ನಾವು ಇಲ್ಲಿ ಬೇರೊಂದು ಪ್ರಶ್ನೆಯ ಬೆನ್ನು ಹತ್ತೋಣ. ಕೂಸಿನ ಚಿತ್ರವನ್ನು ತೆಗೆದ ಮೇಲೆ ಅದು ಯಾರ ಕೈಯಲ್ಲಿ ಉಳಿಯುತ್ತದೆ? ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸಿಕ್ಕಿದೆ. ಅದನ್ನು ಯಾದಗಿರಿ, ಶಹಾಪುರ, ಸುರಪುರಗಳ ನೆಲದಲ್ಲಿ ನಿಂತೇ ನೋಡಬಹುದು.

ಸುರಪುರದ ಬೆಟ್ಟದ ಮೇಲೆ ಇಂದಿಗೂ ‘ಟೇಲರ್ ಮಂಜಿಲ್’ ಎಂಬ ಬಂಗಲೆಯಿದೆ. ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1840ರ ದಶಕದ ಆರಂಭದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದು, 1853ರವರೆಗೆ ಇಲ್ಲಿದ್ದನು. ಆಗ ಸಂಸ್ಥಾನದ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಬಾಲಕ. ಅವನು ಟೇಲರನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಅದೇ ಬಾಲಕ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು, ಸೆರೆಯಾಗಿ, ಸೆರೆವಾಸಕ್ಕೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡ ಕಥೆಯನ್ನು ನೀವು ಬಲ್ಲಿರಿ. 1860ರಲ್ಲಿ ಸುರಪುರ ನಿಜಾಮನ ರಾಜ್ಯಕ್ಕೆ ಸೇರಿತು.

ಟೇಲರ್ ತನ್ನ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾನೆ. ವೆಂಕಟಪ್ಪ ನಾಯಕ ಹುಟ್ಟಿದಾಗ ಬರೆಸಿದ ಜಾತಕವೊಂದು ಅರಮನೆಯಲ್ಲಿತ್ತು. ರಾಜ ತನ್ನ 24ನೆಯ ವರ್ಷದಲ್ಲಿ ಸಾಯುತ್ತಾನೆಂದು ಅದರಲ್ಲಿ ಬರೆದಿತ್ತು. ಮನೆಯ ಶಾಸ್ತ್ರಿ ಅದನ್ನು ಟೇಲರನಿಗೆ ಗುಟ್ಟಾಗಿ ತೋರಿಸಿದ. ವಿಷಯ ಬಲ್ಲವರು ಬೆರಳೆಣಿಕೆಯ ಮಂದಿ. ಜಾತಕ ನಿಜವಾಗುತ್ತದೆಯೇ ಎಂಬ ಚರ್ಚೆಯನ್ನು ಇಲ್ಲಿ ಬಿಡೋಣ. ಆ ಬಗ್ಗೆ ನನಗೆ ನಂಬಿಕೆಯಿಲ್ಲ. ನಾವು ಗಮನಿಸಬೇಕಾದದ್ದು ಆ ಕಾಗದ ಇದ್ದ ಜಾಗವನ್ನು. ಕೂಸು ಕಣ್ಣು ಬಿಡುವ ಹೊತ್ತಿಗೆ ಅದರ ಬಗ್ಗೆ ಹಿರಿಯರು ಒಂದು ದಾಖಲೆ ಬರೆಸಿದರು. ಹುಟ್ಟಿದ ದಿನ, ಗಳಿಗೆ, ಊರು ಎಲ್ಲ ಅದರಲ್ಲಿದ್ದವು. ಅದು ಪೆಟ್ಟಿಗೆಯೊಳಗಿತ್ತು, ಪೆಟ್ಟಿಗೆ ಅರಮನೆಯೊಳಗಿತ್ತು. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬುದನ್ನು ಮನೆಯವರು ಯೋಚಿಸಿ ನಿರ್ಧರಿಸುತ್ತಿದ್ದರು.

ಅರಮನೆಗಷ್ಟೇ ಸೇರಿದ ಎಚ್ಚರಿಕೆಯಲ್ಲ ಇದು. ನಮ್ಮ ಭಾಗದಲ್ಲಿ ಬಾಣಂತಿಯ ಕೋಣೆಗೆ ಎಲ್ಲರನ್ನೂ ಬಿಡುತ್ತಿರಲಿಲ್ಲ. ಕೂಸಿಗೆ ಕುಲಾಯಿ ಕಟ್ಟಿ, ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟು, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ನೆದರು ತೆಗೆಯುತ್ತಿದ್ದರು. ಮೊದಲು ಹುಟ್ಟಿದ ಕೂಸುಗಳು ಉಳಿಯದಿದ್ದರೆ, ಮುಂದಿನದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವ ಪದ್ಧತಿಯೂ ಇತ್ತು. ಇದನ್ನೆಲ್ಲ ಮೂಢನಂಬಿಕೆಯೆಂದು ನಕ್ಕುಬಿಡುವುದು ಸುಲಭ. ಆದರೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1951ರ ಸುಮಾರಿಗೆ, ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ ಸುಮಾರು 146 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅಂಥ ದಿನಗಳಲ್ಲಿ ತಾಯಿಯೊಬ್ಬಳು ತನ್ನ ಕೂಸನ್ನು ಪರರ ಕಣ್ಣಿನಿಂದ ಮರೆಮಾಡಿದರೆ ಅದಕ್ಕೊಂದು ಅರ್ಥವಿತ್ತು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಬಹುಕಾಲ ಉಳಿದದ್ದಕ್ಕೂ ಈ ಭಯವೇ ಮೂಲವಿರಬೇಕು.

ಇನ್ನು ಕ್ಯಾಮೆರಾದ ಕಡೆಗೆ ಬರೋಣ. ಫ್ರಾನ್ಸಿನ ಡಾಗೇರ್ ಎಂಬಾತನ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಬಹಿರಂಗಪಡಿಸಿದ್ದು 1839ರಲ್ಲಿ. ಮುಂಬಯಿಯಲ್ಲಿ ಛಾಯಾಚಿತ್ರಗಾರರ ಸಂಘ ಆರಂಭವಾದದ್ದು 1854ರಲ್ಲಿ. ಸುರಪುರ ಬಿಟ್ಟು ಹೋದ ಟೇಲರನ ಹೆಸರು ಇಲ್ಲಿ ಮತ್ತೊಮ್ಮೆ ಬರುತ್ತದೆ. ಧಾರವಾಡ, ಮೈಸೂರು ಸೀಮೆಗಳ ಹಾಗೂ ವಿಜಾಪುರದ ಕಟ್ಟಡಗಳ ಛಾಯಾಚಿತ್ರಗಳುಳ್ಳ ಎರಡು ದೊಡ್ಡ ಗ್ರಂಥಗಳು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ, ಅವುಗಳಿಗೆ ಚಾರಿತ್ರಿಕ ನಿರೂಪಣೆ ಬರೆದವನು ಅವನೇ. ಕರ್ನಾಟಕದ ಮೊದಮೊದಲ ಫೋಟೋಗಳಲ್ಲಿ ಗುಡಿ, ಗುಮ್ಮಟ, ಕೋಟೆಗಳೇ ಹೆಚ್ಚು. ಕಾರಣ ಸರಳ. ಗೋಲಗುಮ್ಮಟ ಅಲುಗಾಡುವುದಿಲ್ಲ.

ಕೂಸು ಅಲುಗಾಡುತ್ತದೆ. ಆಗಿನ ಗಾಜಿನ ಫಲಕದ ಮೇಲೆ ಬೆಳಕು ಹಲವಾರು ಸೆಕೆಂಡುಗಳ ಕಾಲ ಬೀಳಬೇಕಿತ್ತು. ಅಷ್ಟರಲ್ಲಿ ಕೂಸು ಕೈ ಬೀಸಿದರೆ ಕೈಯ ಜಾಗದಲ್ಲಿ ಬಿಳಿ ಮಂಜು ಮಾತ್ರ ಮೂಡುತ್ತಿತ್ತು. ಇದಕ್ಕೆ ಇಂಗ್ಲೆಂಡ್, ಅಮೆರಿಕಗಳ ಸ್ಟುಡಿಯೋದವರು ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ಅವಳ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಕೂಸನ್ನು ಕೂರಿಸುತ್ತಿದ್ದರು. ಒಳಗಿನಿಂದ ತಾಯಿ ಕೂಸನ್ನು ಅಲುಗಾಡದಂತೆ ಹಿಡಿದಿರುತ್ತಿದ್ದಳು. ಚಿತ್ರ ನೋಡಿದವರಿಗೆ ಹೂವಿನ ಬಟ್ಟೆ ಹಾಸಿದ ಕುರ್ಚಿಯಲ್ಲಿ ಕೂಸು ಕುಳಿತಂತೆ ಕಾಣಬೇಕು. ಇಂಥ ಎಷ್ಟೋ ಚಿತ್ರಗಳು ಉಳಿದಿವೆ. ದಿಟ್ಟಿಸಿ ನೋಡಿದರೆ ಬಟ್ಟೆಯ ಕೆಳಗೆ ಹೆಂಗಸಿನ ಭುಜದ ಆಕಾರ, ಕೆಲವೊಮ್ಮೆ ಕೂಸಿನ ಸೊಂಟದ ಬಳಿ ಬೆರಳುಗಳು ಕಾಣುತ್ತವೆ. 1870ರ ದಶಕದಲ್ಲಿ ಒಣಫಲಕಗಳು ಬಂದು ಕಾಲಾವಧಿ ಕಡಿಮೆಯಾದ ಮೇಲೆ ಈ ಉಪಾಯದ ಅಗತ್ಯ ನಿಧಾನವಾಗಿ ಇಲ್ಲವಾಯಿತು.

ನಮ್ಮ ಭಾಗ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 17ರವರೆಗೂ ಇತ್ತು. ಆದ್ದರಿಂದ ನಮಗೆ ಹತ್ತಿರದ ದೊಡ್ಡ ಸ್ಟುಡಿಯೋ ಎಂದರೆ ಲಾಲಾ ದೀನದಯಾಳರದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಚಿತ್ರಗಾರರಾಗಿದ್ದ ಅವರು ಸಿಕಂದರಾಬಾದಿನಲ್ಲೂ ಆಮೇಲೆ ಮುಂಬಯಿಯಲ್ಲೂ ಸ್ಟುಡಿಯೋ ನಡೆಸಿದರು. (ಈ ನಿಜಾಮರೇ 1869ರಲ್ಲಿ ಪಟ್ಟಕ್ಕೆ ಬಂದಾಗ ಮೂರು ವರ್ಷವೂ ತುಂಬಿರಲಿಲ್ಲ.) 1892ರಲ್ಲಿ ದೀನದಯಾಳರು ಹೈದರಾಬಾದಿನಲ್ಲಿ ಒಂದು ಹೊಸ ಪ್ರಯೋಗ ಮಾಡಿದರು. ಪರದೆಯೊಳಗಿನ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು ಅದರ ಹೊಣೆಯನ್ನು ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆಗೆ ವಹಿಸಿದರು. ಕ್ಯಾಮೆರಾ ಹಿಡಿಯುವವರಿಂದ ಹಿಡಿದು ಎಲ್ಲ ಕೆಲಸಕ್ಕೂ ಹೆಂಗಸರೇ ಇರಬೇಕೆಂಬುದು ಅಲ್ಲಿನ ಕಟ್ಟುಪಾಡು. ಚಿತ್ರ ಬೇಕು, ಆದರೆ ಯಾರ ಕಣ್ಣು ಬೀಳಬೇಕೆಂಬುದು ನಮ್ಮ ಹಿಡಿತದಲ್ಲಿರಬೇಕು ಎಂಬ ಆಸೆಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದ ಉದಾಹರಣೆ ಇದು. ನೂರಮೂವತ್ತು ವರ್ಷಗಳ ಹಿಂದೆ ಜನ ಇದನ್ನು ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದರು ಎಂಬುದು ನನಗೆ ಇಂದಿಗೂ ಆಶ್ಚರ್ಯದ ವಿಷಯ. ದೀನದಯಾಳರು 1905ರಲ್ಲಿ ತೀರಿಕೊಂಡರು. ಅವರ ಸ್ಟುಡಿಯೋದ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ಇದೆಲ್ಲ ಸಿರಿವಂತರ ಮಾತಾಯಿತು. ಸಾಮಾನ್ಯರ ಮನೆಗೆ ಕೂಸಿನ ಫೋಟೋ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಅಮೆರಿಕದಲ್ಲಿ ಕೊಡಕ್ ಕಂಪನಿ 1888ರಲ್ಲಿ ಸುರುಳಿ ಫಿಲ್ಮಿನ ಕ್ಯಾಮೆರಾವನ್ನೂ, 1900ರಲ್ಲಿ ಒಂದೇ ಡಾಲರಿನ ಬ್ರೌನಿ ಕ್ಯಾಮೆರಾವನ್ನೂ ಮಾರುಕಟ್ಟೆಗೆ ಬಿಟ್ಟಿತು. ಮುಂಬಯಿ–ಮದ್ರಾಸು ರೈಲುಮಾರ್ಗ ಯಾದಗಿರಿಯ ಮೇಲೆ ಹಾದುಹೋದದ್ದು 1870ರ ದಶಕದ ಆರಂಭದಲ್ಲೇ. ಆದರೆ ರೈಲು ಬಂದಷ್ಟು ಬೇಗ ಕ್ಯಾಮೆರಾ ಬರಲಿಲ್ಲ. ನಮ್ಮ ಮನೆಗಳ ಗೋಡೆಯ ಮೇಲೆ ಮೊದಲು ಬಂದ ಕೂಸು ಕ್ಯಾಲೆಂಡರಿನ ಬಾಲಕೃಷ್ಣ. ಆಮೇಲೆ ಬಂದದ್ದು ಬೆರಳನ್ನು ತುಟಿಗಿಟ್ಟ ಮರ್ಫಿ ರೇಡಿಯೋದ ಕೂಸು. ಪಾರ್ಲೆ-ಜಿ ಬಿಸ್ಕತ್ತಿನ ಪೊಟ್ಟಣದ ಮೇಲಿನ ಮಗು ಇಂಥವರ ಮಗಳೆಂದು ಜನ ಹೆಸರು ಹೇಳಿ ವಾದಿಸುವುದುಂಟು. ಅದು ಫೋಟೋವೇ ಅಲ್ಲ, 1960ರ ದಶಕದಲ್ಲಿ ಜಾಹೀರಾತು ಸಂಸ್ಥೆಯ ಕಲಾವಿದರೊಬ್ಬರು ಬರೆದ ಚಿತ್ರ ಎಂದು ಕಂಪನಿಯೇ ಸ್ಪಷ್ಟಪಡಿಸಿದೆ. ನಮ್ಮ ದೇಶದಲ್ಲಿ ಅತಿ ಹೆಚ್ಚು ಜನ ಕಂಡ ಕೂಸಿನ ಮುಖ ಯಾವ ಕೂಸಿನದೂ ಅಲ್ಲ.

ಆಮೇಲಿನ ಕಾಲವನ್ನು ನಿಮ್ಮ ಮನೆಯ ಹಿರಿಯರೇ ನಿಮಗೆ ಹೇಳಬಲ್ಲರು. ಜಾವಳ ತೆಗೆಸಿದ ದಿನವೋ, ಜಾತ್ರೆಗೆ ಹೋದ ದಿನವೋ ಕೂಸಿಗೆ ಹೊಸ ಅಂಗಿ ತೊಡಿಸಿ ಸ್ಟುಡಿಯೋಕ್ಕೆ ಕರೆದೊಯ್ಯುತ್ತಿದ್ದರು. ಹಿಂದೆ ಬಣ್ಣದ ಪರದೆ, ಮುಂದೆ ಮರದ ಕುದುರೆ. ಸ್ಟುಡಿಯೋದವನು ಗಿಲಕಿ ಅಲ್ಲಾಡಿಸಿ ಕೂಸಿನ ಗಮನ ಸೆಳೆಯುವನು. ಎಂಟು ದಿನ ಬಿಟ್ಟು ಹೋದರೆ ಎರಡೋ ಮೂರೋ ಪ್ರತಿ ಸಿಗುತ್ತಿದ್ದವು. ಒಂದು ಮನೆಗೆ, ಒಂದು ಕೂಸಿನ ತಾಯಿಯ ತವರಿಗೆ. ಸ್ವಂತ ಕ್ಯಾಮೆರಾ ಇದ್ದವರ ಮನೆಯಲ್ಲಿ ಬಹುಶಃ ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್-3 ಇರುತ್ತಿತ್ತು. ಒಂದು ರೋಲಿಗೆ 12 ಚಿತ್ರ. ಹನ್ನೆರಡನ್ನು ಆರು ತಿಂಗಳು ಕಾಪಾಡಿಕೊಂಡು ತೆಗೆದವರುಂಟು. ಈ ಕಾಲದಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಹೀಗಿತ್ತು: ಪ್ರತಿ ಮನೆಯ ಟ್ರಂಕಿನಲ್ಲಿ, ನೆಗೆಟಿವ್ ಸ್ಟುಡಿಯೋದ ಡಬ್ಬಿಯಲ್ಲಿ. ಇನ್ನೊಂದು ಪ್ರತಿ ಬೇಕೆಂದರೆ ಯಾರೋ ಒಬ್ಬರು ಎದ್ದು ನಡೆದು ಹೋಗಿ, ದುಡ್ಡು ಕೊಟ್ಟು ಮಾಡಿಸಬೇಕಾಗಿತ್ತು. ಆ ನಡಿಗೆಯೇ ಒಂದು ಕಾವಲಾಗಿತ್ತು.

ಪ್ರಸಂಗವಶಾತ್ ಒಂದು ಮಾತು. ಚಲಿಸುವ ಚಿತ್ರ ನಮ್ಮ ಹಳ್ಳಿಗಳಿಗೆ ಸ್ವಂತ ಕ್ಯಾಮೆರಾಕ್ಕಿಂತ ಮೊದಲೇ ಬಂದಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಕರ್ನಾಟಕದಲ್ಲಿ ಆರಿಸಿದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು. ಯಾದಗಿರಿ, ಶಹಾಪುರ, ಸುರಪುರಗಳು ಆಗ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. ಆರೋಗ್ಯ, ಪೌಷ್ಟಿಕ ಆಹಾರದ ಪಾಠಗಳನ್ನು ಜನ ಸಾಮೂಹಿಕವಾಗಿ ಕುಳಿತು ಪರದೆಯ ಮೇಲೆ ನೋಡಿದರು. ನೋಡುವವರು ಇಲ್ಲಿದ್ದರು, ನೋಡಿಸಿಕೊಳ್ಳುವವರು ಬೇರೆಲ್ಲೋ ಇದ್ದರು. ಎರಡೂ ಒಂದೇ ಕೈಯಲ್ಲಿ ಸೇರಲು ಇನ್ನೂ ಕಾಲವಿತ್ತು.

ಈಗ ನಮ್ಮ ಜಿಲ್ಲೆಯಿಂದ ಹೊರಟು ಸ್ವಲ್ಪ ದೂರ ಹೋಗಿ ಬರಬೇಕು. ಏಕೆಂದರೆ ನಿಮ್ಮ ಫೋನಿನೊಳಗಿನ ಚಿತ್ರದ ಚರಿತ್ರೆ ಅಮೆರಿಕದಲ್ಲಿ, ಅದೂ ಎರಡು ಕೂಸುಗಳಿಂದ ಶುರುವಾಗುತ್ತದೆ.

1957ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಸೆಲ್ ಕಿರ್ಷ್ ಎಂಬ ಎಂಜಿನಿಯರ್, ಕಂಪ್ಯೂಟರಿಗೆ ಚಿತ್ರವನ್ನು ಓದಿಸಲು ಸಾಧ್ಯವೇ ಎಂದು ಯೋಚಿಸಿದರು. ತಂಡದವರೊಂದಿಗೆ ಒಂದು ಸ್ಕ್ಯಾನರ್ ತಯಾರಿಸಿದರು. ಅದಕ್ಕೆ ಕೊಡಲು ಒಂದು ಚಿತ್ರ ಬೇಕಿತ್ತು. ಮನೆಯಿಂದ ಅವರು ತಂದದ್ದು ತಮ್ಮ ಮೂರು ತಿಂಗಳ ಮಗನ ಫೋಟೋ. ಸುಮಾರು 5 ಸೆಂಟಿಮೀಟರ್ ಚೌಕದ ಆ ಚಿತ್ರವನ್ನು ಯಂತ್ರ ಅಡ್ಡ 176, ಉದ್ದ 176 ಚುಕ್ಕೆಗಳಾಗಿ ಒಡೆಯಿತು. ಒಟ್ಟು 30,976 ಚುಕ್ಕೆಗಳು. ಪ್ರತಿ ಚುಕ್ಕೆಯೂ ಕಪ್ಪು ಅಥವಾ ಬಿಳಿ, ಎಂದರೆ ಸೊನ್ನೆ ಅಥವಾ ಒಂದು. ಬೂದು ಛಾಯೆ ಬರಲೆಂದು ಬೇರೆ ಬೇರೆ ಮಟ್ಟದಲ್ಲಿ ಹಲವು ಬಾರಿ ಓದಿಸಿ ಒಂದರ ಮೇಲೊಂದು ಕೂಡಿಸಿದರು. ಜಗತ್ತಿನ ಮೊದಲ ಡಿಜಿಟಲ್ ಛಾಯಾಚಿತ್ರವೆಂದು ಇದನ್ನು ಪರಿಗಣಿಸುತ್ತಾರೆ. ನಿಮ್ಮ ಫೋನಿನ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಇದರ ಸುಮಾರು 400 ಪಟ್ಟು ಚುಕ್ಕೆಗಳಿರುತ್ತವೆ. ಮೂಲತತ್ತ್ವ ಮಾತ್ರ ಅದೇ.

ಇದರ ಪರಿಣಾಮವನ್ನು ಸರಿಯಾಗಿ ತಿಳಿಯಬೇಕು. ಫೋಟೋ ಎಂಬುದು ವಸ್ತುವಾಗಿದ್ದಾಗ ಅದರ ಪ್ರತಿ ಮೂಲಕ್ಕಿಂತ ಮಂಕಾಗಿರುತ್ತಿತ್ತು, ಪ್ರತಿಯ ಪ್ರತಿ ಇನ್ನಷ್ಟು ಮಂಕು. ಫೋಟೋ ಅಂಕಿಗಳ ಪಟ್ಟಿಯಾದ ಮೇಲೆ ಮೂಲ, ಪ್ರತಿ ಎಂಬ ಭೇದವೇ ಹೋಯಿತು. ಪಟ್ಟಿಯನ್ನು ಎಷ್ಟು ಸಾರಿ ನಕಲು ಮಾಡಿದರೂ ಅಂಕಿಗಳು ಅವೇ. ‘ನೆಗೆಟಿವ್ ಯಾರ ಹತ್ತಿರ ಇದೆ?’ ಎಂದು ಕೇಳುವಂತೆಯೇ ಇಲ್ಲ.

ಎರಡನೆಯ ಕೂಸು 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನಲ್ಲಿ ಹುಟ್ಟಿತು. ಅದರ ತಂದೆ ಫಿಲಿಪ್ ಕಾನ್ ಸಾಫ್ಟ್‌ವೇರ್ ಉದ್ಯಮಿ. ಹೆಂಡತಿಗೆ ಹೆರಿಗೆ ನೋವು ಬಂದು ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಹೊತ್ತಿನಲ್ಲಿ ಅವರು ಒಂದು ಡಿಜಿಟಲ್ ಕ್ಯಾಮೆರಾ, ಒಂದು ಮೊಬೈಲ್ ಫೋನು, ಒಂದು ಲ್ಯಾಪ್‌ಟಾಪ್ ಮೂರನ್ನೂ ತಂತಿಯಿಂದ ಜೋಡಿಸಿ, ಹುಟ್ಟಿದ ಮಗಳ ಚಿತ್ರವನ್ನು ಅಲ್ಲಿಂದಲೇ ಬಂಧುಮಿತ್ರರಿಗೆ ಕಳಿಸಿದರು. ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ತಲಪಿತು. ಮೊಬೈಲ್ ಮೂಲಕ ಹಂಚಿದ ಮೊದಲ ಫೋಟೋ ಎಂದು ಇದು ಪ್ರಸಿದ್ಧ. ಈ ಎರಡೂ ಮಕ್ಕಳ ಹೆಸರುಗಳು ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ಆದರೆ ಈ ಲೇಖನದ ವಿಷಯವೇ ಅದಾಗಿರುವುದರಿಂದ ನಾನು ಇಲ್ಲಿ ಬರೆಯಲಿಲ್ಲ.

ತಂದೆಯೊಬ್ಬನ ಸಂಭ್ರಮದಿಂದ ಹುಟ್ಟಿದ ಈ ಯುಕ್ತಿ ಯಾದಗಿರಿಯ ಮನೆಗಳಿಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದಂತಾಗುತ್ತದೆ. ನಮ್ಮ ಜಿಲ್ಲೆಯಿಂದ ಸಾವಿರಾರು ಕುಟುಂಬಗಳು ಪ್ರತಿ ವರ್ಷ ಗುಳೆ ಹೋಗುತ್ತವೆ. ಬೆಂಗಳೂರು, ಹೈದರಾಬಾದು, ಪುಣೆ, ಮುಂಬಯಿಗಳಲ್ಲಿ ಏಳುವ ಕಟ್ಟಡಗಳಲ್ಲಿ ನಮ್ಮವರು ಕಲ್ಲು, ಸಿಮೆಂಟು ಹೊರುತ್ತಾರೆ. ಹೆಂಡತಿ ಬಾಣಂತನಕ್ಕೆ ತವರಿನಲ್ಲಿದ್ದಾಳೆ, ಗಂಡ ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿದ್ದಾನೆ. ಮೊದಲಾಗಿದ್ದರೆ ಕೂಸು ಹುಟ್ಟಿದ ಸುದ್ದಿ ಊರಿನ ಯಾರದೋ ಬಾಯಿಂದ ವಾರದ ಮೇಲೆ ತಿಳಿಯುತ್ತಿತ್ತು. ಮುಖ ನೋಡಲು ಹಬ್ಬ ಬರಬೇಕಿತ್ತು. 2016ರ ನಂತರ ಇಂಟರ್ನೆಟ್ ದರ ತೀರ ಇಳಿದ ಮೇಲೆ ಅವನು ಕೂಸಿನ ಮುಖವನ್ನು ಹುಟ್ಟಿದ ಗಳಿಗೆಯಲ್ಲೇ ನೋಡುತ್ತಾನೆ. ಮೊದಲ ನಗು, ಮೊದಲ ಹಲ್ಲು, ಬೋರಲು ಬಿದ್ದದ್ದು ಎಲ್ಲ ಅವನಿಗೆ ಸಿಗುವುದು ಆ ಚಿಕ್ಕ ಪರದೆಯಲ್ಲೇ. ಫೋಟೋ ಕಳಿಸಬೇಡಿ ಎಂದು ಯಾರಾದರೂ ಇಂಥ ಮನೆಯವರಿಗೆ ಉಪದೇಶ ಮಾಡಿದರೆ, ಅವರಿಗೆ ಗುಳೆ ಎಂದರೇನೆಂದು ಗೊತ್ತಿಲ್ಲ ಎಂದೇ ಅರ್ಥ.

ಆದರೆ ತಂದೆಗೆ ಕಳಿಸುವುದು ಒಂದು ಕೆಲಸ, ಸ್ಟೇಟಸ್ಸಿಗೆ ಹಾಕುವುದು ಇನ್ನೊಂದು ಕೆಲಸ. ಎರಡಕ್ಕೂ ಒತ್ತುವ ಗುಂಡಿಗಳು ಪಕ್ಕಪಕ್ಕದಲ್ಲೇ ಇರುವುದರಿಂದ ನಮಗೆ ಒಂದೇ ಎನಿಸುತ್ತದೆ. ವಾಟ್ಸಾಪಿನ ಸಂದೇಶಗಳಿಗೆ 2016ರಿಂದ ಗೂಢಲಿಪಿಯ ರಕ್ಷಣೆಯಿದೆ, ನಡುದಾರಿಯಲ್ಲಿ ಯಾರೂ ಓದಲಾರರು. ಅದು ದಾರಿಯ ರಕ್ಷಣೆ ಮಾತ್ರ. ತಲಪಿದವರು ಉಳಿಸಿಕೊಂಡರೆ, ಮುಂದಕ್ಕೆ ಕಳಿಸಿದರೆ, ಪರದೆಯ ಚಿತ್ರವನ್ನೇ ಹಿಡಿದಿಟ್ಟರೆ ಅದಕ್ಕೆ ತಡೆಯಿಲ್ಲ. ಇನ್ನೊಂದು ವಿಷಯವನ್ನೂ ನೀವು ತಿಳಿದಿರಬೇಕು. ಫೋನಿನಲ್ಲಿ ತೆಗೆದ ಫೋಟೋದ ಕಡತದೊಳಗೆ ಚಿತ್ರದ ಜೊತೆಗೆ ತೆಗೆದ ದಿನ, ಗಳಿಗೆ, ಫೋನಿನ ಮಾದರಿ ಸೇರಿರುತ್ತವೆ. ಸ್ಥಳ ಗುರುತಿಸುವ ವ್ಯವಸ್ಥೆ ಚಾಲೂ ಇದ್ದರೆ ಆ ಜಾಗದ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಸಾಮಾನ್ಯವಾಗಿ ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದಾಗ ಈ ವಿವರಗಳು ಕಳಚಿಹೋಗುತ್ತವೆ. ಅದನ್ನೇ ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತವೆ. ದಿನ, ಗಳಿಗೆ, ಊರು! ಸುರಪುರದ ಅರಮನೆಯ ಪೆಟ್ಟಿಗೆಯಲ್ಲಿದ್ದ ಕಾಗದದಲ್ಲಿ ಬರೆದಿದ್ದುದೂ ಇವನ್ನೇ ಅಲ್ಲವೆ?

ಬಹಿರಂಗವಾಗಿ ಹಾಕಿದ ಚಿತ್ರಗಳ ಗತಿ ಏನಾಗುತ್ತದೆ ಎಂಬುದಕ್ಕೆ 2024ರಲ್ಲಿ ಒಂದು ನಿದರ್ಶನ ಸಿಕ್ಕಿತು. ಕೃತಕ ಬುದ್ಧಿಮತ್ತೆಯ ಚಿತ್ರಯಂತ್ರಗಳಿಗೆ ಪಾಠ ಕಲಿಸಲು ಅಂತರ್ಜಾಲದಿಂದ ಒಟ್ಟುಗೂಡಿಸಿದ ಲಾಯಾನ್-5ಬಿ ಎಂಬ ಸಂಗ್ರಹವೊಂದಿದೆ. ಅದರಲ್ಲಿ 500 ಕೋಟಿಗೂ ಮೀರಿದ ಚಿತ್ರಗಳ ಕೊಂಡಿಗಳಿವೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯವರು ಅದರ ಅತ್ಯಲ್ಪ ಭಾಗವನ್ನು ಮಾತ್ರ ಪರಿಶೀಲಿಸಿದಾಗ, ಬ್ರೆಜಿಲ್ ಮತ್ತು ಆಸ್ಟ್ರೇಲಿಯಾದ ಮಕ್ಕಳ ಫೋಟೋಗಳು ಅವರಿಗೆ ಸಿಕ್ಕವು. ಕೆಲವು ಹುಟ್ಟಿದ ಕ್ಷಣದ ಚಿತ್ರಗಳು. ಕೆಲವು ಮಕ್ಕಳ ಹೆಸರು, ಊರುಗಳನ್ನು ಪತ್ತೆಮಾಡುವುದೂ ಸುಲಭವಾಗಿತ್ತು. ಹಾಕಿದವರು ಬಂಧುಗಳಿಗೆಂದು ಹಾಕಿದ್ದರು. ತೆಗೆದುಕೊಂಡವರು ಯಂತ್ರಕ್ಕೆಂದು ತೆಗೆದುಕೊಂಡರು. ಮನೆಯವರಿಗೆ ಇದರ ಸುಳಿವೇ ಇರಲಿಲ್ಲ.

ದೂರದ ಮಾತೆನಿಸಿದರೆ ನಮ್ಮ ಕಲಬುರಗಿ ವಿಭಾಗದ್ದೇ ಒಂದು ಘಟನೆ ಹೇಳಬೇಕಾಗುತ್ತದೆ. ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೋವೊಂದು ದೇಶದ ಅನೇಕ ಕಡೆ ಫೋನಿನಿಂದ ಫೋನಿಗೆ ಹರಿದಾಡಿತು. ಬೈಕಿನ ಮೇಲೆ ಬಂದವರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ನಿಜವಾಗಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ತಯಾರಿಸಿದ ಜಾಹೀರಾತು. ಕೊನೆಯಲ್ಲಿ ಮಗುವನ್ನು ಮರಳಿ ತಂದುಬಿಡುವ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದ ಬಳಿ ಜನ ದಾರಿ ಅಡ್ಡಗಟ್ಟಿ ಹೊಡೆದರು. ಅವರಲ್ಲೊಬ್ಬ ಯುವಕ ಪ್ರಾಣ ಕಳೆದುಕೊಂಡ. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಮುಂದಕ್ಕೆ ಕಳಿಸಬಹುದೆಂಬ ಮಿತಿ ಹಾಕಿತು. ಮಗುವಿನ ಚಿತ್ರಕ್ಕೆ ಬೇರೆ ಯಾವ ಚಿತ್ರಕ್ಕೂ ಇಲ್ಲದ ಶಕ್ತಿಯಿದೆ. ಅದನ್ನು ಕಂಡವರ ಕರುಳು ತಕ್ಷಣ ಮಿಡಿಯುತ್ತದೆ, ವಿಚಾರಿಸುವ ವ್ಯವಧಾನ ಉಳಿಯುವುದಿಲ್ಲ. ಚಿತ್ರವನ್ನು ಅದರ ಊರಿನಿಂದ, ಹೆಸರಿನಿಂದ ಕಿತ್ತು ಬೇರೆ ಮಾತು ಅಂಟಿಸುವವರು ಬಳಸಿಕೊಳ್ಳುವುದು ಈ ಶಕ್ತಿಯನ್ನೇ.

ಹಾಗಾದರೆ ಕಾನೂನು ಏನೆನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಈ ಮೊಕದ್ದಮೆ ಹೂಡಿದವರು ಕನ್ನಡಿಗರೇ ಆದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ಬಗ್ಗೆ ವಿಶೇಷವಾಗಿ ಬರೆದಿದ್ದಾರೆ. ಎಳವೆಯಲ್ಲಿ ಜಾಲದಲ್ಲಿ ಉಳಿದ ಗುರುತುಗಳ ಭಾರವನ್ನು ಅವರು ಬದುಕಿಡೀ ಹೊರುವಂತಾಗಬಾರದು ಎಂಬುದು ಅವರ ಮಾತಿನ ಸಾರ.

ಬಾಲನ್ಯಾಯ ಕಾಯಿದೆ, 2015ರ 74ನೆಯ ಕಲಮು ಕಾನೂನಿನ ಸಂಘರ್ಷಕ್ಕೊಳಗಾದ ಅಥವಾ ರಕ್ಷಣೆ ಬೇಕಾದ ಮಗುವಿನ ಹೆಸರು, ಚಿತ್ರ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ತೊಟ್ಟಿಲಲ್ಲಿ, ಬಸ್ ನಿಲ್ದಾಣದಲ್ಲಿ ಬಿಟ್ಟುಹೋದ ಕೂಸಿನ ಫೋಟೋವನ್ನು ಒಳ್ಳೆಯ ಉದ್ದೇಶದಿಂದಲೇ ಹರಡುವವರು ಇದನ್ನು ತಿಳಿದಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಕಂಪನಿಗಳು ಪಾಲಕರ ಒಪ್ಪಿಗೆ ಪಡೆಯಬೇಕು ಎಂಬುದು ಅದರ ನಿಯಮ. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯಂತೆ ಇದು ಹಂತಹಂತವಾಗಿ ಜಾರಿಗೆ ಬರಬೇಕಾಗಿದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯ ಬಳಕೆಗೆ ಮಾಡುವ ಕೆಲಸಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ. ಸೋದರಮಾವನೋ ಚಿಕ್ಕಮ್ಮನೋ ಕೂಸಿನ ಫೋಟೋ ಹಾಕುವುದನ್ನು ಯಾವ ಅಧಿಕಾರಿಯೂ ಬಂದು ಕೇಳುವುದಿಲ್ಲ. ನಿಮ್ಮಲ್ಲಿ ಹಲವರಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಕಾನೂನಿನ ಕಣ್ಣಿಗೆ ನೀವೂ ಮಕ್ಕಳೇ. ಒಂದು ಮಗು ಇನ್ನೊಂದು ಮಗುವಿನ ಚಿತ್ರವನ್ನು ಜಗತ್ತಿಗೆ ಬಿಡುವ ಈ ಸಂದರ್ಭವನ್ನು ಕಾಯಿದೆ ಬರೆದವರು ಊಹಿಸಿದ್ದರೋ ಇಲ್ಲವೋ!

ಸರಕಾರದ ಕಡತಕ್ಕೂ ಕೂಸಿನ ಮುಖ ಬೇಕಾಗಿದೆ. ಐದು ವರ್ಷದೊಳಗಿನ ಮಕ್ಕಳ ಆಧಾರಿಗೆ ಬೆರಳಚ್ಚಾಗಲಿ ಕಣ್ಣಿನ ಗುರುತಾಗಲಿ ತೆಗೆದುಕೊಳ್ಳುವುದಿಲ್ಲ, ಮುಖದ ಫೋಟೋ ಮಾತ್ರ. ಐದಕ್ಕೆ ಒಮ್ಮೆ, ಹದಿನೈದಕ್ಕೆ ಒಮ್ಮೆ ಬೆರಳಚ್ಚು, ಕಣ್ಣುಗಳ ಗುರುತು ಕೊಟ್ಟು ನವೀಕರಿಸಬೇಕು. ಕೂಸಿನ ಮುಖ ವಾರ ವಾರಕ್ಕೂ ಬದಲಾಗುವುದರಿಂದ ಆ ಫೋಟೋ ಗುರುತಿಗೆ ಎಷ್ಟು ದಿನ ಉಪಯೋಗವೆಂದು ನೀವೇ ಲೆಕ್ಕ ಹಾಕಿ.

ಈ ಪಾಠದ ಜೊತೆಗೆ ಮನೆಯಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಮನೆಯ ಹಳೆಯ ಟ್ರಂಕಿನಲ್ಲಿ ನಿಮ್ಮ ತಂದೆಯದೋ ಅಜ್ಜಿಯದೋ ಎಳವೆಯ ಫೋಟೋ ಇದ್ದರೆ ಹೊರತೆಗೆದು ಹಿಂಬದಿ ತಿರುಗಿಸಿ ನೋಡಿ. ಸ್ಟುಡಿಯೋದ ಮುದ್ರೆ, ಊರು, ಕೆಲವೊಮ್ಮೆ ತಾರೀಖು ಇರುತ್ತದೆ. ಅದು ಎಷ್ಟು ಪ್ರತಿ ಇತ್ತು, ಯಾರ ಯಾರ ಮನೆಗೆ ಹೋಯಿತು ಎಂದು ಹಿರಿಯರನ್ನು ಕೇಳಿ. ಬಹುಪಾಲು ಅವರಿಗೆ ನೆನಪಿರುತ್ತದೆ. ಆಮೇಲೆ ನಿಮ್ಮ ಫೋನಿನಲ್ಲಿರುವ ಕೂಸಿನ ಫೋಟೋಗಳಲ್ಲಿ ಒಂದನ್ನು ಆರಿಸಿ, ಅದು ಎಷ್ಟು ಕಡೆ ಹೋಗಿದೆ ಎಂದು ನೀವೇ ಒಂದು ಹಾಳೆಯ ಮೇಲೆ ಬರೆಯಲು ಯತ್ನಿಸಿ. ಯಾರಿಗೆ ಕಳಿಸಿದಿರಿ, ಅವರು ಯಾರಿಗೆ ಕಳಿಸಿದರು, ಯಾವ ಗುಂಪಿನಲ್ಲಿ ಎಷ್ಟು ಜನರಿದ್ದಾರೆ, ಅವರಲ್ಲಿ ಎಷ್ಟು ಜನರ ಮುಖ ನೀವು ನೋಡಿದ್ದೀರಿ.

ಫೋನು ನೀರಿಗೆ ಬಿದ್ದರೆ, ಮೆಮೊರಿ ಕಾರ್ಡು ಕೆಟ್ಟರೆ ಸಾವಿರ ಚಿತ್ರಗಳು ಒಮ್ಮೆಲೇ ಹೋಗುತ್ತವೆ ಎಂಬುದೂ ನೆನಪಿರಲಿ. ಕೂಸಿಗಾಗಿ ಒಂದೆರಡನ್ನಾದರೂ ಕಾಗದದ ಮೇಲೆ ಮುದ್ರಿಸಿಡಿ. ಹಿಂಬದಿಯಲ್ಲಿ ಹೆಸರು, ಊರು, ತಾರೀಖನ್ನು ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಪೆನ್ನು ಬೇಡ, ಶಾಯಿ ಕಾಲಕ್ರಮೇಣ ಮುಂಬದಿಗೆ ಇಳಿಯುತ್ತದೆ.